ಡ್ರಿಲ್ ಮುಟ್ಟದ ಗೋಡೆ

ಗಿರ್ಗಾಂವಿನ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಅವಳು, ಕುಮಟಾದಿಂದ ಕೆಲಸಕ್ಕೆಂದು ಮುಂಬಯಿಗೆ ಬಂದು ಇಲ್ಲಿ ಬಾಡಿಗೆಗೆ ಮನೆ ಹಿಡಿದವಳು. ಅವರು, ಅದೇ ಕುಮಟಾ ಕಡೆಯಿಂದ ಬಹಳ ಹಿಂದೆ ಬಂದು ದಾದರಿನಲ್ಲಿ ಫ್ರೇಮ್ ಕಟ್ಟುವ ಅಂಗಡಿ ನಡೆಸಿದವರು.

ಅವಳು: ಮಾಮ, ಇದೇ ನೋಡಿ ಆ ಗೋಡೆ. ಮನೆ ನೋಡಲು ಬಂದ ದಿನ ಇದನ್ನು ಕಂಡೇ ಒಪ್ಪಿಕೊಂಡೆ. ಹಳೆ ಪ್ಲಾಸ್ಟರ್ ಕೆತ್ತಿ ತೆಗೆದು ಇಟ್ಟಿಗೆ ಕಾಣುವ ಹಾಗೆ ಬಿಟ್ಟಿದ್ದಾರೆ. ಆದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಒಂದು ಸಾಲಿದೆ, ಗೋಡೆಗೆ ಡ್ರಿಲ್ ಹಾಕುವಂತಿಲ್ಲ ಅಂತ. ಹಾಕಿದರೆ ಡಿಪಾಸಿಟ್ಟಿನಲ್ಲಿ ಮುರಿದುಕೊಳ್ತಾರಂತೆ. ಅಜ್ಜನ ಯಕ್ಷಗಾನದ ಫೋಟೊ, ಕನ್ನಡಿ, ಪುಸ್ತಕದ ಶೆಲ್ಫು ಎಲ್ಲ ನೆಲದ ಮೇಲೇ ಕೂತಿವೆ. ಡ್ರಿಲ್ ಬೇಡದ ಹುಕ್ಕುಗಳನ್ನು ತರಿಸಿದ್ದೇನೆ. ಯಾವುದು ಒಳ್ಳೇದು, ನೀವೇ ಹೇಳಬೇಕು.

ಅವರು: ಹುಕ್ಕು ಆಮೇಲೆ ನೋಡುವ. ಮೊದಲು ಗೋಡೆ ನೋಡುವ. ಎಲ್ಲರೂ ಪ್ಯಾಕೆಟ್ಟಿನ ಮೇಲೆ ಎಷ್ಟು ಕಿಲೋ ಅಂತ ಬರೆದದ್ದನ್ನು ಓದ್ತಾರೆ. ಆ ಕಿಲೋ ಹುಕ್ಕಿನದ್ದು, ಗೋಡೆಯದ್ದಲ್ಲ. ಹುಕ್ಕು ಐದು ಕಿಲೋ ಹೊರುತ್ತದೆ ಅಂತಿಟ್ಟುಕೋ. ಅದು ಅಂಟಿಕೊಂಡ ಬಣ್ಣ ಎಷ್ಟು ಹೊರುತ್ತದೆ? ಬಣ್ಣದ ಕೆಳಗಿನ ಪುಟ್ಟಿ? ಪುಟ್ಟಿಯ ಕೆಳಗಿನ ಪ್ಲಾಸ್ಟರ್? ಇವುಗಳಲ್ಲಿ ಯಾವ ಪದರ ಎಲ್ಲಕ್ಕಿಂತ ದುರ್ಬಲವೋ ಅದು ಹೊತ್ತಷ್ಟೇ ನಿನ್ನ ಹುಕ್ಕು ಹೊತ್ತದ್ದು.

ಅವಳು: ಇಲ್ಲಿ ಬಣ್ಣವೂ ಇಲ್ಲ, ಪುಟ್ಟಿಯೂ ಇಲ್ಲವಲ್ಲ. ಬರೀ ಇಟ್ಟಿಗೆ.

ಅವರು: ಅದರಿಂದಲೇ ಕಷ್ಟ. ಹೊರಗೆ ಕಾಣಲೆಂದೇ ಮಾಡುವ ಇಟ್ಟಿಗೆ ಬೇರೆ. ಅದರ ಅಂಚು ನೇರ, ಮೈ ಗಟ್ಟಿ. ಇದು ಪ್ಲಾಸ್ಟರಿನ ಒಳಗಿರಲಿ ಅಂತ ಕೈಯಲ್ಲಿ ಅಚ್ಚು ಹಾಕಿ ಸುಟ್ಟದ್ದು. ಪ್ಲಾಸ್ಟರ್ ಇದರ ಅಂಗಿ. ಚಂದ ಕಾಣಲಿ ಅಂತ ಅಂಗಿ ತೆಗೆದಿದ್ದಾರೆ. ಇಲ್ಲಿ ಅಂಗೈ ಉಜ್ಜಿ ನೋಡು. ಏನು ಬಂತು?

ಅವಳು: ಕೆಂಪು ಹುಡಿ.

ಅವರು: ನಿನ್ನ ಟೇಪು ಅಂಟುವುದು ಈ ಹುಡಿಗೆ, ಇಟ್ಟಿಗೆಗಲ್ಲ. ಇನ್ನು ಬೀಗದ ಕೈ ತೆಗೆದುಕೊಂಡು ಎರಡು ಇಟ್ಟಿಗೆಗಳ ನಡುವಿನ ಸಂದಿಯಲ್ಲಿ ಮೆಲ್ಲಗೆ ಗೀರು. ಹೆಚ್ಚು ಒತ್ತಬೇಡ.

ಅವಳು: ಸಲೀಸಾಗಿ ಕೆರೆದು ಬರ್ತದಲ್ಲ! ಬಿಳಿ ಬಿಳಿ ಇದೆ.

ಅವರು: ಸುಣ್ಣದ ಗಾರೆ. ಸಿಮೆಂಟಾಗಿದ್ದರೆ ಬೂದು ಬಣ್ಣ ಇರುತ್ತಿತ್ತು, ಕೀಲಿಯೇ ಜಾರುತ್ತಿತ್ತು. ಈಗ ಇಟ್ಟಿಗೆ ಜೋಡಿಸಿದ ಕ್ರಮ ನೋಡು. ಒಂದು ವರಸೆಯಲ್ಲಿ ಉದ್ದನೆಯ ಮೈ ಕಾಣ್ತದೆ, ಮೇಲಿನ ವರಸೆಯಲ್ಲಿ ಗಿಡ್ಡ ತಲೆ ಮಾತ್ರ ಕಾಣ್ತದೆ. ತಲೆ ಕಂಡಿತು ಅಂದರೆ ಇಟ್ಟಿಗೆ ಗೋಡೆಯ ಒಳಕ್ಕೆ ಅಡ್ಡ ಮಲಗಿದೆ ಅಂತ ಅರ್ಥ. ಗೋಡೆ ಕಡಿಮೆಯೆಂದರೂ ಒಂಬತ್ತು ಇಂಚು. ಬರೀ ಉದ್ದ ಮೈಗಳೇ ಕಂಡಿದ್ದರೆ ನಾಲ್ಕೂವರೆ ಇಂಚಿನ ಗೋಡೆ ಅಂತ ಸಂಶಯಪಡಬೇಕು. ಅಂಥದ್ದಕ್ಕೆ ಈಚೆಯಿಂದ ಬಡಿದರೆ ಆಚೆ ಮನೆಯವರ ಪ್ಲಾಸ್ಟರ್ ಉದುರುತ್ತದೆ. ಇನ್ನೂ ಒಂದು ಸಂಗತಿ ಇದೆ. ತಲೆ ಎತ್ತು. ಜಂತಿಗಳ ತುದಿ ಎಲ್ಲಿ ಹೋಗಿ ಕೂತಿದೆ?

ಅವಳು: ಇದೇ ಗೋಡೆಯ ಒಳಗೆ.

ಅವರು: ಹಾಂ. ಮೇಲಿನ ಮನೆಯ ನೆಲದ ಭಾರವನ್ನು ಈ ಗೋಡೆ ಹೊತ್ತಿದೆ. ಈಗಿನ ಕಟ್ಟಡಗಳಲ್ಲಿ ಭಾರ ಹೊರುವುದು ಕಾಂಕ್ರೀಟ್ ಕಂಬ, ನಡುವಿನ ಇಟ್ಟಿಗೆ ಬರೀ ಪರದೆ. ಇಲ್ಲಿ ಗೋಡೆಯೇ ಕಂಬ. ಹಾಗಂತ ಒಂದು ಮೊಳೆಗೆ ಕಟ್ಟಡ ಬೀಳುವುದಿಲ್ಲ. ಆದರೆ ಮಾಲೀಕರ ಭಯವನ್ನೂ ಹಗುರ ಮಾಡಬೇಡ. ಮುಂಬಯಿಯ ದ್ವೀಪ ಭಾಗದಲ್ಲಿ ರಿಪೇರಿ ಸೆಸ್ ಕಟ್ಟುವ ಹಳೆ ಕಟ್ಟಡಗಳು ಎಷ್ಟಿವೆ ಅಂದರೆ, ಪ್ರತಿ ವರ್ಷ ಮಳೆಗಾಲದ ಮುಂಚೆ ಅವುಗಳಲ್ಲಿ ಅಪಾಯಕ್ಕೆ ಬಂದವು ಯಾವುವು ಅಂತ ಸರ್ಕಾರಿ ವಸತಿ ಮಂಡಳಿ ಮ್ಹಾಡಾದವರು ಪಟ್ಟಿ ಹಾಕ್ತಾರೆ. 2017ರ ಜುಲೈಯಲ್ಲಿ ಘಾಟ್ಕೋಪರಿನ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಮಂದಿ ಸತ್ತರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ರಿಪೇರಿ ಕೆಲಸದ ಮೇಲೇ ಎಲ್ಲರ ಕಣ್ಣು ಹೋಯಿತು. ಆಮೇಲೆ ಈ ಊರಲ್ಲಿ ಯಾರ ಮನೆಯಲ್ಲಿ ಡ್ರಿಲ್ ಸದ್ದಾದರೂ ಪಕ್ಕದವರು ಬಾಗಿಲಿಗೆ ಬಂದು ನಿಲ್ತಾರೆ. ನಿಲ್ಲಬೇಕು ಕೂಡ.

ಅವಳು: ಸರಿ, ಡ್ರಿಲ್ ಬೇಡ. ಆದರೆ ಇದು ನೋಡಿ, ಇಟ್ಟಿಗೆಗೆ ಅಂತಲೇ ಮಾಡಿದ ಕ್ಲಿಪ್ಪು. ಸ್ಪ್ರಿಂಗ್ ಉಕ್ಕು. ಇಟ್ಟಿಗೆಯ ಮೇಲಂಚು ಕೆಳಂಚು ಎರಡನ್ನೂ ಕಚ್ಚಿ ಹಿಡಿಯುತ್ತದಂತೆ. ತೂತೂ ಇಲ್ಲ, ಅಂಟೂ ಇಲ್ಲ. ಆದರೆ ಇದು ಕೂರ್ತಾನೇ ಇಲ್ಲ.

ಅವರು: ಕೊಡು ಇಲ್ಲಿ. ಟೇಪು ಹಿಡಿದು ಅಳೆ. ನಮ್ಮ ಇಟ್ಟಿಗೆಯ ದಪ್ಪ ಎಷ್ಟು?

ಅವಳು: 75 ಮಿಲಿಮೀಟರ್ ಹತ್ತಿರ. ಇದು 72. ಇದು 78.

ಅವರು: ಅಮೆರಿಕದ ಸಾಮಾನ್ಯ ಇಟ್ಟಿಗೆ 57 ಮಿಲಿಮೀಟರ್, ಇಂಗ್ಲೆಂಡಿನದ್ದು 65. ನಮ್ಮಲ್ಲಿ ಹಳೆಯದು ಮೂರು ಇಂಚು, ಈಗಿನ ಮಾನಕದ್ದು 90. ಈ ಕ್ಲಿಪ್ಪು ಅಲ್ಲಿಯ ಅಳತೆಗೆ ಹುಟ್ಟಿದ್ದು, ಇಲ್ಲಿ ಹೇಗೆ ಕೂತೀತು? ಅಳತೆ ಸರಿಯಾದದ್ದು ಸಿಕ್ಕಿದರೂ ಇನ್ನೊಂದು ತೊಡಕಿದೆ. ಕ್ಲಿಪ್ಪಿನ ಹಲ್ಲು ಕಚ್ಚಬೇಕಾದರೆ ಸಂದಿಯ ಗಾರೆ ಇಟ್ಟಿಗೆಯ ಮುಖಕ್ಕಿಂತ ಮೂರು ನಾಲ್ಕು ಮಿಲಿಮೀಟರಾದರೂ ಒಳಗಿರಬೇಕು, ಇಟ್ಟಿಗೆಯ ಅಂಚು ಚೂಪಾಗಿರಬೇಕು. ಇಲ್ಲಿ ಗಾರೆ ಕೆಲವು ಕಡೆ ಮುಖದ ಸಮಕ್ಕೇ ಇದೆ, ಕೆಲವು ಕಡೆ ಪ್ಲಾಸ್ಟರ್ ಕೆತ್ತುವಾಗ ಉಳಿಯ ಏಟಿಗೆ ಅಂಚೇ ಹಾರಿಹೋಗಿದೆ. ಯೋಚನೆ ಮಾತ್ರ ತುಂಬ ಒಳ್ಳೇದು, ಗೋಡೆಗೆ ಏನೂ ನೋವಿಲ್ಲ. ಹೊಸದಾಗಿ ಗಾರೆ ಗೆರೆ ಒಳಗೆ ಎಳೆದು ಕಟ್ಟಿದ ಬಂಗಲೆಗಳಲ್ಲಿ, ಅಳತೆ ನೋಡಿ ತಂದರೆ, ಧೈರ್ಯವಾಗಿ ಹಾಕಬಹುದು.

ಅವಳು: ಕಾಂದಿವಲಿಯಲ್ಲಿ ನನ್ನ ಗೆಳತಿಯ ಮನೆಯಲ್ಲೂ ಇಟ್ಟಿಗೆ ಗೋಡೆ ಇದೆ. ಗೆರೆಗಳೆಲ್ಲ ಎಷ್ಟು ನೇರ! ಅಲ್ಲಿ ಆಗಬಹುದಾ?

ಅವರು: ಮೊದಲು ಗೆಣ್ಣಿನಿಂದ ತಟ್ಟಿ ನೋಡಲಿ. ಹತ್ತು ಮಹಡಿ ಮೇಲಿನ ಮನೆಯಲ್ಲಿ ಅಷ್ಟು ಚಂದದ ಇಟ್ಟಿಗೆ ಕಂಡರೆ ಬಹಳ ಸಲ ಅದು ಅರ್ಧ ಇಂಚಿನ ಬಿಲ್ಲೆ. ಗೋಡೆಯ ಮೇಲೆ ಅಂಟಿಸಿದ್ದು. ತಟ್ಟಿದಾಗ ಟೊಳ್ಳು ಸದ್ದು ಬಂದ ಬಿಲ್ಲೆಗೆ ಏನನ್ನೂ ನೇತುಹಾಕಬಾರದು. ಅದು ತನ್ನ ಭಾರವನ್ನೇ ಕಷ್ಟಪಟ್ಟು ಹೊತ್ತಿರುತ್ತದೆ.

ಅವಳು: ಅಂಟಿನ ಮಾತಿಗೆ ಬಂದಿರಿ. ಫೆವಿಕಾಲ್ ಹುಟ್ಟಿದ ಊರಲ್ಲಿ ಇದ್ದುಕೊಂಡು ಅಂಟು ಬೇಡ ಅಂತೀರಾ?

ಅವರು: ಫೆವಿಕಾಲ್ 1959ರಲ್ಲಿ ಬಡಗಿಗಳಿಗೆ ಅಂತ ಬಂದದ್ದು, ಮರಕ್ಕೆ ಮರ ಕೂಡಿಸಲಿಕ್ಕೆ. ಪ್ರಾಣಿಯ ಚರ್ಮ, ಎಲುಬಿನಿಂದ ಮಾಡಿದ ಸರೇಸನ್ನು ಕುದಿಸಿ ಕುದಿಸಿ ಬಳಿಯುವ ಕಷ್ಟ ತಪ್ಪಿಸಿದ್ದೇ ಅದು. ನನ್ನ ಫ್ರೇಮುಗಳ ಮೂಲೆಗಳೆಲ್ಲ ಅದರಲ್ಲೇ ನಿಂತಿವೆ. ಗೋಡೆಗೆ ಜನ ಹಾಕುವುದು ಬೇರೆ ಮೂರು ಸರಕು. ಒಂದು, ಎರಡೂ ಕಡೆ ಅಂಟುವ ಫೋಮ್ ಟೇಪು. ಎರಡು, ಎಳೆದರೆ ಉದ್ದವಾಗಿ ಬಿಟ್ಟುಕೊಳ್ಳುವ ಪಟ್ಟಿ, ಅಮೆರಿಕದ 3ಎಂ ಕಂಪನಿ 1990ರ ದಶಕದಲ್ಲಿ ತಂದದ್ದು. ಮೂರು, ಎಂ-ಸೀಲ್, ಅರಾಲ್ಡೈಟ್ ತರಹದ ಎಪಾಕ್ಸಿ. ಮೊದಲಿನ ಎರಡಕ್ಕೂ ನುಣುಪು ಮೈ ಬೇಕು. ಇಟ್ಟಿಗೆಯ ಮುಖ ಉಬ್ಬುತಗ್ಗು, ಟೇಪು ಉಬ್ಬುಗಳಿಗೆ ಮಾತ್ರ ತಾಗುತ್ತದೆ. ಅಂಗೈಯಷ್ಟು ಅಂಟಿಸಿದರೂ ಹಿಡಿದದ್ದು ಬೆರಳಿನಷ್ಟು.

ಅವಳು: ಆಚೆ ಕೋಣೆಯ ಗೋಡೆಗೆ ಪ್ಲಾಸ್ಟರ್ ಇದೆ, ಬಣ್ಣ ಇದೆ. ಅಲ್ಲಿ?

ಅವರು: ಅಲ್ಲಿ ಆಗಬಹುದು, ಪರೀಕ್ಷೆ ಮಾಡಿದ ಮೇಲೆ. ಸೆಲ್ಲೋ ಟೇಪಿನ ತುಂಡು ಒತ್ತಿ ಅಂಟಿಸಿ ಸರಕ್ಕನೆ ಕೀಳು. ಟೇಪಿನ ಮೇಲೆ ಬಿಳಿ ಹುಡಿ ಬಂದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ, ಅಲ್ಲಿ ಯಾವ ಅಂಟೂ ನಿಲ್ಲದು. ಟೇಪು ಶುಭ್ರವಾಗಿ ಬಂದರೆ ಒಳ್ಳೆ ಬಣ್ಣ. ಒರೆಸಿ, ಒಣಗಿಸಿ, ಪಟ್ಟಿ ಒತ್ತಿ ಹಿಡಿದು, ಒಂದು ತಾಸು ಬಿಟ್ಟು ಆಮೇಲೆ ಭಾರ ಹಾಕು. ತೆಗೆಯುವಾಗ ನಿನ್ನ ಕಡೆಗೆ ಎಳೆಯಬೇಡ, ಗೋಡೆಗುಂಟ ನೇರ ಕೆಳಕ್ಕೆ ಮೆಲ್ಲಗೆ ಎಳೆ. ಕ್ಯಾಲೆಂಡರ್, ಬೀಗದ ಕೈ ಗೊಂಚಲು, ಚಿಕ್ಕ ಫೋಟೊ, ಇಷ್ಟಕ್ಕೆ ಸಾಕು. ಮುಂದಕ್ಕೆ ಚಾಚಿಕೊಂಡ ಶೆಲ್ಫಿಗೆ ಬೇಡವೇ ಬೇಡ. ಗೋಡೆಗೆ ತಾಗಿಕೊಂಡ ವಸ್ತು ಅಂಟನ್ನು ಕೆಳಕ್ಕೆ ಜಾರಿಸಲು ನೋಡುತ್ತದೆ, ಅಂಟು ಅದನ್ನು ಚೆನ್ನಾಗಿ ತಡೀತದೆ. ಮುಂಚಾಚಿದ ವಸ್ತು ಮೇಲಿನ ಅಂಚಿನಿಂದ ಸುಲಿಯಲು ತೊಡಗುತ್ತದೆ. ಸುಲಿಯುವ ಬಲದ ಮುಂದೆ ಯಾವ ಟೇಪಿನದ್ದೂ ಹೆಚ್ಚು ಹೊತ್ತು ನಡೆಯುವುದಿಲ್ಲ. ಮತ್ತೆ ಜುಲೈ ಬಂತು ಅಂದರೆ ಬಣ್ಣವೇ ತೇವ ಕುಡಿದು ಮೆತ್ತಗಾಗುತ್ತದೆ. ಬೇಸಗೆಯಲ್ಲಿ ನಿಂತ ಹುಕ್ಕು ಮಳೆಗಾಲದ ನಡುರಾತ್ರಿ ಬೀಳುವುದು ಈ ಊರಲ್ಲಿ ಎಲ್ಲರಿಗೂ ಗೊತ್ತು.

ಅವಳು: ಎಪಾಕ್ಸಿ ಬೀಳುವುದಿಲ್ಲವಲ್ಲ. ಸೋರುವ ನಲ್ಲಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಅವರು: ಬೀಳುವುದಿಲ್ಲ. ನನ್ನ ತಕರಾರೇ ಅದು. ನಾಳೆ ಮನೆ ಬಿಡುವಾಗ ಹುಕ್ಕು ಕಿತ್ತರೆ ಎಪಾಕ್ಸಿ ಬಿಡುವುದಿಲ್ಲ, ಇಟ್ಟಿಗೆಯ ಮುಖ ಎದ್ದು ಬರ್ತದೆ. ಸುಟ್ಟ ಇಟ್ಟಿಗೆಗೆ ಪಾವಿಗೆ ಇರುವ ಹಾಗೆ ಒಂದು ಹೊರಸಿಪ್ಪೆ ಇದೆ. ಭಟ್ಟಿಯ ಬೆಂಕಿ ಹೆಚ್ಚು ತಾಗಿ ಗಟ್ಟಿಯಾದ ಪದರ. ಒಳಗಿನದ್ದು ಮೆತ್ತಗೆ, ನೀರು ಹೀರುವಂಥದ್ದು. ಒಳ್ಳೆ ಇಟ್ಟಿಗೆಯೇ ಒಂದು ದಿನ ನೀರಲ್ಲಿ ಮುಳುಗಿಸಿಟ್ಟರೆ ತನ್ನ ತೂಕದ ಶೇಕಡಾ 20ರವರೆಗೆ ನೀರು ಕುಡಿಯಬಹುದು ಅಂತ ನಮ್ಮ ಮಾನಕವೇ ಒಪ್ಪುತ್ತದೆ. ಮೂರು ಕಿಲೋದ ಇಟ್ಟಿಗೆಗೆ ಅದು ಅರ್ಧ ಲೀಟರಿಗೂ ಮಿಕ್ಕಿತು. ನಾಲ್ಕು ತಿಂಗಳಲ್ಲಿ ಎರಡು ಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು, ಮೇಲಿಂದ ಸಮುದ್ರದ ಉಪ್ಪುಗಾಳಿ ಬೇರೆ. ಸಿಪ್ಪೆ ಹೋದ ಕಡೆ ನೀರು ಒಳಗೆ ಹೋಗುತ್ತದೆ, ಒಣಗುವಾಗ ಉಪ್ಪು ಹರಳುಗಟ್ಟಿ ಹುಡಿ ಉದುರಿಸುತ್ತದೆ. ಇಲ್ಲಿಯ ಮಿಸ್ತ್ರಿಗಳು ಲೋಣ ಹಿಡಿಯಿತು ಅಂತಾರಲ್ಲ, ಅದೇ. ಹೋದ ಸಿಪ್ಪೆಯನ್ನು ಮತ್ತೆ ಯಾರೂ ತಂದು ಕೂಡಿಸಲಾರರು.

ಅವಳು: ಅಂದರೆ ಡ್ರಿಲ್ಲಿಗಿಂತ ಅಂಟೇ ಕೆಟ್ಟದ್ದು?

ಅವರು: ಈ ಗೋಡೆಗೆ, ಹೌದು. ಸಂದಿಯ ಗಾರೆಯಲ್ಲಿ ಸಣ್ಣ ತೂತು ಮಾಡಿ, ಮನೆ ಬಿಡುವಾಗ ಸುಣ್ಣಕ್ಕೆ ಇಟ್ಟಿಗೆ ಹುಡಿ ಕಲಸಿ ತುಂಬಿದರೆ ಗೋಡೆ ಮೊದಲಿನ ಹಾಗೇ ಆಗುತ್ತದೆ. ಸುರ್ಕಿ ಗಾರೆ ಅಂದರೆ ಅದೇ. ಕನ್ನಂಬಾಡಿ ಕಟ್ಟೆ ನಿಂತಿರುವುದೇ ಸುರ್ಕಿಯಲ್ಲಿ. ಗಾರೆ ಇರುವುದೇ ರಿಪೇರಿಗೆ ಬರಲಿ ಅಂತ, ಇಟ್ಟಿಗೆಯ ಬದಲು ಅದು ಸವೆಯಲಿ ಅಂತ. ಆದರೆ ಸುಣ್ಣದ ಸಂದಿಗೆ ಸಿಮೆಂಟು ತುಂಬಬಾರದು. ಸಿಮೆಂಟು ತೇವವನ್ನು ಹೊರಗೆ ಬಿಡುವುದಿಲ್ಲ, ಆ ತೇವ ಇಟ್ಟಿಗೆಯ ಮುಖ ಒಡೆದುಕೊಂಡು ದಾರಿ ಮಾಡಿಕೊಳ್ಳುತ್ತದೆ. ಕರಾರಿನಲ್ಲಿ ಬರೆದದ್ದು ಡ್ರಿಲ್ ಬೇಡ ಅಂತ ಮಾತ್ರ. ಅದಕ್ಕೆ ಜನ ಡ್ರಿಲ್ ಬಿಟ್ಟು ಬಾಕಿ ಎಲ್ಲ ಮಾಡ್ತಾರೆ. ಎಪಾಕ್ಸಿ ಮೆತ್ತುತ್ತಾರೆ, ಉಕ್ಕಿನ ಮೊಳೆಯನ್ನು ಇಟ್ಟಿಗೆಯ ನಟ್ಟನಡುವೆ ಹೊಡೀತಾರೆ. ಒಂದೊಂದು ಏಟಿಗೂ ಮೊಳೆಯ ಸುತ್ತ ಇಟ್ಟಿಗೆ ಬಿಲ್ಲೆಯಾಗಿ ಏಳುತ್ತದೆ. ಕಾಗದದ ಮಾತು ಉಳಿಸಿ ಗೋಡೆ ಕೊಂದ ಹಾಗಾಯಿತು. ಹಾಗೆ ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರ್ತದೆ.

ಅವಳು: ಹಿಂದಿನವರು ಏನು ಮಾಡ್ತಿದ್ದರು ಮಾಮ? ಆಗ ಮನೆಮನೆಗೆ ಡ್ರಿಲ್ ಎಲ್ಲಿತ್ತು?

ಅವರು: ಮರ ಇತ್ತಲ್ಲ ಮಾರಾಯ್ತಿ! ಹಳೆ ಚಾಳುಗಳ ಎಲುಬೇ ಮರದ್ದು. ತೇಗದ ಕಂಬ, ತೇಗದ ತೊಲೆ, ನಡುವೆ ಇಟ್ಟಿಗೆ ತುಂಬಿದ್ದು. ಮೊಳೆ ಹೊಡೆಯುವುದಾದರೆ ಮರಕ್ಕೆ ಹೊಡೀತಿದ್ದರು, ಇಟ್ಟಿಗೆಯನ್ನು ಯಾರೂ ಕೆಣಕುತ್ತಿರಲಿಲ್ಲ. ನಾನು ಬಂದಾಗ ಪರಳದ ಒಂದು ಖೋಲಿಯಲ್ಲಿ ನಮ್ಮ ಕಡೆಯ ಹುಡುಗರು ಒಟ್ಟಿಗಿದ್ದೆವು. ಹಗಲು ಪಾಳಿಯವರು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವರು ಮಲಗುವುದು. ನೆಲ ಮಲಗಲಿಕ್ಕೆ, ಬಾಕಿ ಸಂಸಾರವೆಲ್ಲ ಮೇಲೆ ತೂಗಬೇಕು. ಎರಡು ಕಂಬಗಳ ನಡುವೆ ಒಂದು ಹಲಗೆ, ಅದರ ತುಂಬ ಖುಂಟಿ. ತಲೆಗೊಂದು ಖುಂಟಿ. ಅಂಗಿ, ಚೀಲ, ರಾತ್ರಿಶಾಲೆಗೆ ಹೋಗುವವರ ಪುಸ್ತಕದ ಗಂಟು, ಎಲ್ಲ ಅದಕ್ಕೇ. ಊರಿಗೆ ಹೋದವನ ಖುಂಟಿಯನ್ನು ಬೇರೆಯವರು ಮುಟ್ಟುತ್ತಿರಲಿಲ್ಲ. ಊರಿನ ಮನೆಗಳಲ್ಲಿ ಗಿಳಿಗೂಟ, ಗೋಡೆಯ ಗೂಡು, ತೊಲೆಗೆ ಕಟ್ಟಿದ ನೆಲುವು ಇದ್ದವು. ಇಲ್ಲಿ ಖುಂಟಿ ಹಲಗೆ.

ಅವಳು: ಮತ್ತೆ ಬಿಡಿಡಿ ಚಾಳುಗಳು? ಅವು ಮರದ್ದಲ್ಲವಲ್ಲ.

ಅವರು: ಅಲ್ಲ. 1920ರ ದಶಕದಲ್ಲಿ ಸರ್ಕಾರ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಯಲ್ಲಿ ಕಟ್ಟಿಸಿದ 207 ಚಾಳುಗಳು ಕಾಂಕ್ರೀಟಿನವು. ಒಂದು ಖೋಲಿ 160 ಚದರಡಿ. ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ ಅಂತ ಅಲ್ಲಿಯವರು ಹೇಳ್ತಿದ್ದರು. ಅಂಥ ಕಡೆ ಗವಂಡಿ ಬಂದು ಉಳಿಯಿಂದ ಗುಳಿ ಕಡಿದು, ಮರದ ಗಟ್ಟಾ ಕೂರಿಸಿ, ಸುತ್ತ ಸಿಮೆಂಟು ತುಂಬಿ ಹೋಗ್ತಿದ್ದ. ಆ ಗಟ್ಟಾಕ್ಕೆ ಮೊಳೆ. ಗೋಡೆಗೆ ಏನು ಸೇರಬೇಕಾದರೂ ನಡುವೆ ಮರ ಬೇಕಿತ್ತು. ಈಗ ಡ್ರಿಲ್ ತೂತಿಗೆ ತುರುಕುವ ಗಿಟ್ಟಿ ಇದೆಯಲ್ಲ, ಅದರ ಮೂಲವೂ ಕೇಳಲಿಕ್ಕೆ ಚಂದ. 1911ರ ಸುಮಾರಿಗೆ ಲಂಡನ್ನಿನಲ್ಲಿ ರಾಲಿಂಗ್ಸ್ ಅನ್ನುವ ಗುತ್ತಿಗೆದಾರರಿಗೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಬಂತು. ಗೋಡೆ ಕೆಡಬಾರದು ಅನ್ನುವ ಷರತ್ತು, ನಿನ್ನ ಮಾಲೀಕರ ಹಾಗೇ. ಮರದ ಗಟ್ಟಾ ಕೂರಿಸಲು ದೊಡ್ಡ ಗುಳಿ ಬೇಕಾಗುತ್ತಿತ್ತು. ಅದರ ಬದಲು ಅವರು ಸೆಣಬಿನ ನಾರನ್ನು ಅಂಟಿನಲ್ಲಿ ಕೂಡಿಸಿ ಸಣ್ಣ ಕೊಳವೆ ಮಾಡಿದರು. ಸ್ಕ್ರೂ ಹೋದ ಹಾಗೆ ಅದು ಉಬ್ಬಿ ಸಣ್ಣ ತೂತಿನಲ್ಲೇ ಕಚ್ಚಿಕೊಂಡಿತು. ರಾಲ್‌ಪ್ಲಗ್ ಹುಟ್ಟಿದ್ದು ಗೋಡೆಯ ಮೇಲಿನ ಕಾಳಜಿಯಿಂದ.

ಅವಳು: ನಮ್ಮಲ್ಲಿ ಇನ್ನೂ ತೇಗದ ಜಂತಿಗಳಿವೆ. ಅವಕ್ಕೇ ಒಂದು ಮೊಳೆ ಹೊಡೆದರೆ?

ಅವರು: ಮೊಳೆಯೂ ಯಾಕೆ? ನಮ್ಮ ಕಡೆ ಚೌತಿಗೆ ಗಣಪತಿಯ ತಲೆ ಮೇಲೆ ಫಲಾವಳಿ ಕಟ್ಟುವುದು ನೀನು ನೋಡಿದವಳೇ. ತೆಂಗಿನಕಾಯಿ, ಅಡಕೆ ಗೊನೆ, ಹಣ್ಣು, ಕಾಡಿನ ಕಾಯಿ ಎಲ್ಲ ಹೊತ್ತ ಆ ಚೌಕಟ್ಟಿನ ಭಾರ ಎಷ್ಟು! ಅದಕ್ಕೆ ಗೋಡೆಯ ಸಹವಾಸವೇ ಇಲ್ಲ. ಮೇಲಿಂದ ಹಗ್ಗ. ಈ ಊರಲ್ಲೂ ಹಳೆ ಕಟ್ಟಡ ರಿಪೇರಿಗೆ ಕಟ್ಟುವ ಪರಾಂಚಿ ನೋಡು. ನಾಲ್ಕೈದು ಮಹಡಿ ಎತ್ತರಕ್ಕೆ ಬಿದಿರು, ಬಿದಿರಿಗೆ ಬಿದಿರು ಹಗ್ಗದಲ್ಲಿ ಬಿಗಿದದ್ದು. ಆಳುಗಳು ಅದರ ಮೇಲೆ ನಿಂತು ಕೆಲಸ ಮಾಡ್ತಾರೆ.

ಅವಳು: ಅಂದರೆ ಜಂತಿಯಿಂದ ನೇರ ಹಗ್ಗ ಇಳಿಸುವುದಾ? ಜಂತಿಗಳು ಗೋಡೆಗೆ ಅಡ್ಡಡ್ಡ ಬರ್ತವೆ. ಫೋಟೊ ಬೇಕಾದ ಕಡೆ ಜಂತಿ ಇಲ್ಲ.

ಅವರು: ಅದಕ್ಕೇ ಒಂದು ಗಳ. ಗೋಡೆಗುಂಟ, ಗೋಡೆಯಿಂದ ಎರಡು ಇಂಚು ದೂರದಲ್ಲಿ, ಜಂತಿಗಳ ಕೆಳಮೈಗೆ ತಾಗಿಸಿ ಬಿದಿರಿನ ಗಳ ಹಿಡಿ. ಪ್ರತಿ ಜಂತಿಗೂ ಹಗ್ಗ ಸುತ್ತಿ ಬಿಗಿ. ಮುಗಿಯಿತು. ಹಳೆ ಬಂಗಲೆಗಳಲ್ಲಿ ಮೇಲ್ಗಡೆ ಸುತ್ತಲೂ ಮರದ ಪಟ್ಟಿ ಇರುತ್ತಿತ್ತು, ಅದಕ್ಕೆ ಹಿತ್ತಾಳೆ ಹುಕ್ಕು ಸಿಕ್ಕಿಸಿ ಚಿತ್ರ ಇಳಿಬಿಡುತ್ತಿದ್ದರು. ನಿನ್ನ ಗಳವೂ ಅದೇ ಕೆಲಸ ಮಾಡುತ್ತದೆ. ಚಿತ್ರ ಎಡಕ್ಕೆ ಬೇಕೋ ಬಲಕ್ಕೆ ಬೇಕೋ, ಹುಕ್ಕು ಸರಿಸಿದರಾಯಿತು. ಕಟ್ಟುವ ಮುಂಚೆ ಜಂತಿಯ ತುದಿಗಳನ್ನು ಮಾತ್ರ ಪರೀಕ್ಷೆ ಮಾಡುವ. ಗೋಡೆಯೊಳಗೆ ಹೋಗುವ ಜಾಗದಲ್ಲಿ ನೀರು ಸೋರಿದ್ದರೆ ಮರ ಅಲ್ಲೇ ಮೊದಲು ಕೊಳೆಯುವುದು. ಚಾಕುವಿನ ಮೊನೆ ಒತ್ತಿದರೆ ಗೊತ್ತಾಗುತ್ತದೆ. ಮೆತ್ತಗೆ ಒಳಗಿಳಿದರೆ ಆ ಜಂತಿಗೆ ಏನೂ ಕಟ್ಟದೆ ಮಾಲೀಕರಿಗೆ ಅವತ್ತೇ ಫೋನ್ ಮಾಡಬೇಕು. ಅದು ನಿನ್ನ ಫೋಟೊಕ್ಕಿಂತ ದೊಡ್ಡ ಸಂಗತಿ.

ಅವಳು: ಇದಕ್ಕೆ ಅವರ ಅನುಮತಿ ಬೇಕಾಗಲಿಕ್ಕಿಲ್ಲ ಅಲ್ವಾ?

ಅವರು: ಕೇಳಿಯೇ ಕಟ್ಟು. ಪಗಡಿ ಹಣ ಕೊಟ್ಟು ಬಂದ ಹಳೆ ಬಾಡಿಗೆದಾರರಿಗಾದರೆ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯಲ್ಲಿ ಮರದ ಪಾರ್ಟಿಷನ್ನು, ಅಡುಗೆ ಕಟ್ಟೆ ಇಂಥವನ್ನು ಶಾಶ್ವತ ಕಟ್ಟಡ ಅಂತ ಲೆಕ್ಕ ಹಿಡಿಯುವುದಿಲ್ಲ. ನಿನ್ನದು ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ನೀನು ಸಹಿ ಹಾಕಿದ ಕಾಗದವೇ ನಿನಗೆ ಮುಖ್ಯ. ಮೊಳೆ ಇಲ್ಲ, ತೂತಿಲ್ಲ, ಬಿಚ್ಚಿದರೆ ಗುರುತೂ ಉಳಿಯುವುದಿಲ್ಲ ಅಂತ ಹೇಳಿ, ಕಟ್ಟುವ ಮುಂಚಿನ ಫೋಟೊ ತೆಗೆದು ಕಳಿಸು. ಬಿಟ್ಟುಹೋಗುವಾಗ ಮುಂದಿನವರಿಗೆ ಗಳ ಇರಲಿ ಅಂತ ಅವರೇ ಹೇಳಿಯಾರು. ನನ್ನನ್ನು ಕೇಳಿದರೆ ಇಂಥ ಹಳೆ ಮನೆ ಬಾಡಿಗೆಗೆ ಕೊಡುವವರೆಲ್ಲ ತಾವೇ ಮೇಲೊಂದು ಪಟ್ಟಿ ಹಾಕಿಸಿ ಕೊಡಬೇಕು. ಒಬ್ಬೊಬ್ಬ ಬಾಡಿಗೆದಾರ ಒಂದೊಂದು ಕಡೆ ಗೋಡೆ ಕೆಡಿಸುವುದು ಅಲ್ಲಿಗೇ ನಿಲ್ಲುತ್ತದೆ.

ಅವಳು: ಅಜ್ಜನ ಫೋಟೊದ ತೂಕ ಎಷ್ಟಿರಬಹುದು? ಎತ್ತುವಾಗ ಸೊಂಟ ಹಿಡೀತದೆ.

ಅವರು: ಎರಡಡಿ ಮೂರಡಿ, ಅಂದರೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ. ಇದು ಮೂರು ಮಿಲಿಮೀಟರ್ ಗಾಜು. ಗಾಜೊಂದೇ ನಾಲ್ಕು ಕಿಲೋ ದಾಟಿತು. ಮರ, ಹಿಂದಿನ ಹಲಗೆ ಸೇರಿ ಆರೇಳು ಆಗಬಹುದು. ಗಾಜು ತೆಗೆದು ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಹಾಕಿದರೆ ನಾಲ್ಕು ಕಿಲೋದ ಜಾಗದಲ್ಲಿ ಎರಡೇ ಕಿಲೋ. ಬಿದ್ದರೂ ಚೂರಾಗಿ ಕಾಲಿಗೆ ಚುಚ್ಚುವುದಿಲ್ಲ. ಬೇಗ ಗೀರು ಬೀಳುತ್ತದೆ, ಧೂಳು ಎಳೆದುಕೊಳ್ಳುತ್ತದೆ, ಒಣಬಟ್ಟೆಯಲ್ಲಿ ಉಜ್ಜಬಾರದು. ಅಷ್ಟು ಸಹಿಸಬೇಕು. ಡ್ರಿಲ್ ಇಲ್ಲದ ಮನೆಯಲ್ಲಿ ಭಾರ ಇಳಿಸುವುದೇ ಮೊದಲ ಉಪಾಯ, ಹುಕ್ಕು ಹುಡುಕುವುದು ಎರಡನೆಯದು.

ಅವಳು: ಹಿಂದೆ ಈ ತಂತಿ ಇದೆಯಲ್ಲ, ಇದನ್ನೇ ಒಂದು ಹುಕ್ಕಿಗೆ ಸಿಕ್ಕಿಸಲಾ?

ಅವರು: ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ ನೋಡು, ತಂತಿ ಹೆಚ್ಚುಕಡಿಮೆ ಮಟ್ಟಸವಾಗಿದೆ. ಹಾಗಿರಬಾರದು. ತಂತಿ ಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿ ನಿಂತರೆ ಒಂದೊಂದು ಬದಿಗೆ ಒಟ್ಟು ತೂಕದ ಅರ್ಧಕ್ಕಿಂತ ತುಸು ಹೆಚ್ಚು ಎಳೆತ ಬೀಳುತ್ತದೆ. 30 ಡಿಗ್ರಿಗೆ ಇಳಿದರೆ ಒಂದೊಂದು ಬದಿಗೂ ಪೂರ್ತಿ ತೂಕ. 10 ಡಿಗ್ರಿ ಆದರೆ ಹತ್ತಿರ ಹತ್ತಿರ ಮೂರು ಪಟ್ಟು. ಆರು ಕಿಲೋದ ಫ್ರೇಮು ತನ್ನ ಸ್ಕ್ರೂ ಕಣ್ಣುಗಳನ್ನು 17 ಕಿಲೋ ಬಲದಿಂದ ಎಳೀತಾ ಇರುತ್ತದೆ. ಬಹಳ ಫೋಟೊಗಳು ಬೀಳುವುದು ಹುಕ್ಕು ಕಿತ್ತು ಅಲ್ಲ, ಈ ಕಣ್ಣು ಮರದಿಂದ ಕಿತ್ತು. ನಾವು ತಂತಿಯೇ ತೆಗೆದುಬಿಡುವ. ಎರಡು ಬದಿಗೆ ಎರಡು ಹಗ್ಗ, ನೇರ ಗಳಕ್ಕೆ. ಒಂದೊಂದಕ್ಕೆ ಅರ್ಧರ್ಧ ತೂಕ, ಫೋಟೊ ಸೊಟ್ಟಗೂ ಆಗುವುದಿಲ್ಲ.

ಅವಳು: ಫ್ಯಾನಿನ ಗಾಳಿಗೆ ಅಲ್ಲಾಡುವುದಿಲ್ಲವಾ?

ಅವರು: ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬೂಚಿನ ಬಿಲ್ಲೆ ಅಂಟಿಸಿ ಗೋಡೆಗೆ ತಾಗಿಸಿದರೆ ನಿಲ್ಲುತ್ತದೆ. ಬಿಲ್ಲೆ ಫ್ರೇಮಿಗೆ ಅಂಟಬೇಕು, ಗೋಡೆಗೆ ಅಲ್ಲ. ಅದರಿಂದ ಇನ್ನೊಂದು ಉಪಕಾರವಿದೆ, ಹಿಂದೆ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಗೋಡೆಗೆ ಒತ್ತಿ ಕೂತ ಫೋಟೊ ಮೂರೇ ತಿಂಗಳಲ್ಲಿ ಬೂಸ್ಟು ಹಿಡಿದು ಗಾಜಿಗೆ ಮೆತ್ತಿಕೊಳ್ಳುತ್ತದೆ. ಅಂಗಡಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಅಂಥವನ್ನು ಹಿಡಿದು ಬರುವವರು ಇದ್ದೇ ಇರುತ್ತಿದ್ದರು. ಮದುವೆಯ ಫೋಟೊ, ತೀರಿಹೋದ ತಾಯಿಯದ್ದು. ಗಾಜಿಗೆ ಅಂಟಿದ ಮುಖವನ್ನು ಬಿಡಿಸಲಿಕ್ಕೆ ಆಗುವುದಿಲ್ಲ ಅಂತ ಹೇಳುವಾಗ ಹೊಟ್ಟೆ ಉರಿಯುತ್ತಿತ್ತು. ಅಕ್ರಿಲಿಕ್ಕಿಗೂ ಫೋಟೊಕ್ಕೂ ನಡುವೆ ಒಂದು ದಪ್ಪ ರಟ್ಟಿನ ಚೌಕ ಕೊಡ್ತೇನೆ, ತಾಗದ ಹಾಗೆ. ಚಿತ್ರಕಾರ ಹೆಬ್ಬಾರರ ರೇಖಾಚಿತ್ರದ ಪ್ರಿಂಟ್ ಒಂದಿದೆ ಅಂದಿದ್ದೆಯಲ್ಲ, ಅದನ್ನು ಪಶ್ಚಿಮದ ಹೊರಗೋಡೆಗೆ ಹಾಕಲೇಬೇಡ. ಮಳೆ ಹೊಡೆಯುವುದೇ ಆ ಕಡೆಯಿಂದ.

ಅವಳು: ಕನ್ನಡಿ?

ಅವರು: ಅದು ಆಳೆತ್ತರದ್ದು, ತೂಗುಹಾಕುವುದೇ ತಪ್ಪು. ನೆಲದ ಮೇಲೆ ನಿಲ್ಲಿಸಿ ಒರಗಿಸು. ಕೆಳಗೆ ಜಾರದ ಹಾಗೆ ರಬ್ಬರ್ ತುಂಡು, ಮೇಲಿಂದ ಗಳಕ್ಕೆ ಒಂದು ಸಡಿಲ ಹಗ್ಗ. ಭಾರ ನೆಲಕ್ಕೆ, ಹಗ್ಗ ಮುಂದಕ್ಕೆ ಬೀಳದ ಹಾಗೆ ಕಾಯಲಿಕ್ಕೆ. ಪುಸ್ತಕಕ್ಕೂ ಅದೇ ದಾರಿ. ಒಂದು ಅಡಿ ಸಾಲಿನ ಪುಸ್ತಕ ಎತ್ತಿ ನೋಡು, ಎಷ್ಟು ಭಾರ ಅಂತ ಗೊತ್ತಾದೀತು. ಕಾಲಿರುವ ಕಪಾಟು ತಗೋ, ದೊಡ್ಡ ಪುಸ್ತಕ ಕೆಳಗೆ ಜೋಡಿಸು, ಮೇಲಿನ ಮೂಲೆಗಳನ್ನು ಗಳಕ್ಕೆ ಕಟ್ಟು.

ಅವಳು: ಮಳೆಗಾಲದಲ್ಲಿ ಒದ್ದೆ ಬಟ್ಟೆಗೂ ಗಳ ಉಪಯೋಗಕ್ಕೆ ಬಂತು ಹಾಗಾದರೆ.

ಅವರು: ಬೇಡ. ಅಷ್ಟು ತೇವವನ್ನು ಈ ಇಟ್ಟಿಗೆಯ ಮಗ್ಗುಲಲ್ಲಿ ಒಣಗಿಸಬೇಡ. ಬಟ್ಟೆಗೆ ಅಡುಗೆಮನೆಯ ಆಚೆ ಗ್ಯಾಲರಿ ಇದೆ.

ಅವಳು: ಬಿದಿರು ಎಲ್ಲಿ ಸಿಗುತ್ತದೆ?

ಅವರು: ಪರಾಂಚಿ ಕಟ್ಟುವವರ ಹತ್ತಿರ ಕೇಳುವ. ಹಸಿಯದ್ದು ಬೇಡ, ಒಣಗಿದಾಗ ಸೊರಗಿ ಕಟ್ಟು ಸಡಿಲಾಗುತ್ತದೆ. ಒಣಗಿ ಬಲಿತದ್ದು, ಗೆಣ್ಣು ಹತ್ತಿರ ಹತ್ತಿರ ಇರುವುದು, ಹಿಡಿಯ ದಪ್ಪ. ಕೆಳಗೆ ಸಣ್ಣ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಹುಳ ಹೊಡೆದಿದೆ, ಬಿಟ್ಟುಬಿಡು. ಉದ್ದ ಗೋಡೆಗಿಂತ ಅರ್ಧ ಅಡಿ ಕಡಿಮೆ ಇರಲಿ. ತುದಿ ಎರಡೂ ಕಡೆ ಗೋಡೆಗೆ ತಿವಿಯಬಾರದು. ಹಗ್ಗ ಹತ್ತಿಯದ್ದು ತಾ, ನೈಲಾನು ಗಂಟು ಜಾರುತ್ತದೆ. ಈ ಕ್ಲಿಪ್ಪು, ಟೇಪುಗಳನ್ನು ವಾಪಸು ಕೊಡು. ಎರಡು ಪಟ್ಟಿ ಮಾತ್ರ ಉಳಿಸಿಕೋ, ಆಚೆ ಕೋಣೆಯ ಕ್ಯಾಲೆಂಡರಿಗೆ.

ಅವಳು: ಟೇಪು ಹಿಡೀರಿ ಹಾಗಾದರೆ. ಫ್ರೇಮಿನ ಒಳ ಅಳತೆ ಬರೆದುಕೊಳ್ತೇನೆ.

ಅವರು: ಒಳ ಅಳತೆ ಅಲ್ಲ, ಹಿಂದಿನ ಕಾಲುವೆಯಿಂದ ಕಾಲುವೆಗೆ. ಅದರಲ್ಲಿ ಎರಡು ಮಿಲಿಮೀಟರ್ ಕಳೆದು ಬರೆ. ಅಕ್ರಿಲಿಕ್ ಸೆಕೆಗೆ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ, ಬಿಗಿಯಾಗಿ ಕೂರಿಸಿದರೆ ಮೇ ತಿಂಗಳಲ್ಲಿ ಬಾಗುತ್ತದೆ.